ಸತುವಿನ ಚಿತ್ರ

18 ಜುಲೈ 1974, ಗುರುವಾರ. ರಾಜಾಜಿನಗರ

ಸೋಮವಾರದ ಸೆಮಿನಾರ್ ನೋಟಿಸಿನಲ್ಲಿ ನನ್ನ ಹೆಸರಿಲ್ಲ. ಹರಳಿನ ಮುಖಗಳು ಯಾವ ದಿಕ್ಕಿಗಿವೆ ಎಂಬುದನ್ನು ಒಂದು ವೃತ್ತದೊಳಗೆ ಚುಕ್ಕೆಗಳಾಗಿ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ ನನ್ನದು. ಎರಡು ವರ್ಷ ಕಾರ್ಡು ಪಂಚ್ ಮಾಡಿದವಳು ನಾನು. ನೋಟಿಸಿನಲ್ಲಿರುವುದು ನಮ್ಮ ಲ್ಯಾಬಿನ ಮುಖ್ಯಸ್ಥ ಡಾ. ವಿಠ್ಠಲಮೂರ್ತಿಯವರ ಹೆಸರು ಮಾತ್ರ.

ಮಧ್ಯಾಹ್ನ ಅವರೇ ನನ್ನ ಮೇಜಿನ ಹತ್ತಿರ ಬಂದರು. “ತಾಮ್ರದ ಚಿತ್ರ ಸೊಗಸಾಗಿ ಬಂದಿದೆ ಕಣಮ್ಮ. ಸೋಮವಾರ ಸತುವಿಂದೂ ತೋರಿಸ್ತೀನಿ. ನಡೆಯತ್ತೆ ತಾನೇ?”

“ನೀವೇ ಬರೆದಿದ್ದಲ್ವಾ ಸಾರ್, ನಿಮಗೇ ಗೊತ್ತಿರತ್ತೆ.”

ನಕ್ಕು ಹೋದರು.

ನಡೆಯುವುದಿಲ್ಲ. ಆ ಲೆಕ್ಕ ತಾಮ್ರದಂಥ ಚೌಕ ಜೋಡಣೆಯ ಹರಳಿಗಷ್ಟೇ ಸರಿ. ಸತುವಿನದು ಆರು ಮೂಲೆಯ ಜೋಡಣೆ. ಚುಕ್ಕೆಗಳು ತಪ್ಪು ಜಾಗಕ್ಕೆ ಬೀಳುತ್ತವೆ, ಆದರೂ ಚಿತ್ರ ಅಂದವಾಗಿಯೇ ಕಾಣುತ್ತದೆ. ಅದನ್ನು ಸರಿಪಡಿಸುವ ಹನ್ನೊಂದು ಕಾರ್ಡು ನನ್ನ ಬ್ಯಾಗಿನಲ್ಲಿವೆ.

ನಾನು ಸುಳ್ಳು ಹೇಳಲಿಲ್ಲ, ನಿಜ ಹೇಳಲಿಲ್ಲ ಅಷ್ಟೆ. ಎರಡಕ್ಕೂ ವ್ಯತ್ಯಾಸವಿದೆಯೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿಕೊಂಡೆ. ಇರಬಹುದು, ಇಲ್ಲದಿರಬಹುದು. ನಾಳೆ ಇಡೀ ದಿನವಿದೆ, ಹೇಳಬಹುದು. ಹೇಳುವುದಿಲ್ಲ. ಸೋಮವಾರ ಆ ತಪ್ಪನ್ನು ಯಾರೂ ಗಮನಿಸದಿದ್ದರೆ ಪ್ರಶ್ನೆ ಕೇಳಲು ನಾನೇ ಕೈ ಎತ್ತುತ್ತೇನೆ, ಕಾನ್ವೆಂಟಿನಲ್ಲಿ ಕಲಿಸಿದಷ್ಟು ನಯವಾಗಿ.