ಕಡಲ ಹುಡುಗನ ಊಟದ ಹೊತ್ತು

ಹಳೇಬೀಡು
೧೨-೨-೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಶಾಲೆಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದಿದ್ದೆ, ಈಗ ಕಡಿಮೆಯೆ? ಲೋಹಿತ್ ಭಾವನ ಬೋಟು ರಿಪೇರಿಯಾಗಿ ಮತ್ತೆ ಕಡಲಿಗಿಳಿಯಿತೆ? ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ, ಉಳಿದಂತೆ ಎಲ್ಲರೂ ಕ್ಷೇಮ. ಫೋನು ಮಾಡಿದರೆ ನೀನು ಮಧ್ಯದಲ್ಲೇ ಅಳಲು ಶುರು ಮಾಡುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಕಾದಂಬರಿ ಬಂತು. ಹೈಸ್ಕೂಲು ಮಕ್ಕಳಿಗೆಂದು ಬರೆದದ್ದನ್ನು ಡಿಗ್ರಿ ಓದುವ ನಾನು ಕೂತಲ್ಲೇ ಓದಿ ಮುಗಿಸಿದೆ. ಕಡಲಲ್ಲಿ ಮುಳುಗಿ ಸತ್ತ ಹುಡುಗ ಕತ್ತಲಾದ ಮೇಲೆ ದಡಕ್ಕೆ ಬರುತ್ತಾನೆ, ಒಬ್ಬ ಹುಡುಗಿ ಅವನನ್ನು ಪ್ರೀತಿಸುತ್ತಾಳೆ, ಅವಳ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಓದಿ ನನಗೆ ಸಿಟ್ಟೇ ಬಂತು. ನನ್ನ ಜೊತೆ ಓದುವ ಶಿಲ್ಪಾ ಬೇರೆ ಕಾಲೇಜಿಗೆ ಹೋಗುವಾಗ ಬೇಲೂರಿನ ಬಸ್ಸಿನಲ್ಲಿ, "ಮೂಢನಂಬಿಕೆ ಬಿಡ್ರಿ ಅಂತ ಭಾಷಣ ಮಾಡೋಳ ಅಕ್ಕ ದೆವ್ವದ ಲವ್ ಸ್ಟೋರಿ ಬರ್ದವ್ಳೆ ಕಣ್ರೇ" ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದಳು. ಆದರೆ ನನ್ನ ತಕರಾರು ದೆವ್ವದ್ದಲ್ಲ. ಮದುವೆಯಾದಾಗಿನಿಂದ ಅಪ್ಪ ನಿನ್ನನ್ನು ಈ ಮನೆ ಹೊಸಿಲು ತುಳಿಯಲು ಬಿಡದಿರುವುದು ಭಾವ ಮೀನು ಹಿಡಿಯುವವರ ಮಗ ಎಂದು. ನೀನೋ, ಜಾತಿ ಎನ್ನಬೇಕಾದ ಕಡೆಯೆಲ್ಲ ನೀರು ಎಂದಿದ್ದೀಯ. ಜಾತಿ ಬಿಡಿ ಎಂದು ಹೇಳುವ, ನಾನು ತರುವ ಕಿರುಪುಸ್ತಕಗಳಲ್ಲಿ ಯಾರೂ ಹೀಗೆ ಸುತ್ತಿ ಬಳಸುವುದಿಲ್ಲ. ಅವನ್ನು ಅಪ್ಪನೆದುರು ಗಟ್ಟಿಯಾಗಿ ಓದಿದ್ದೇನೆ. ಪೂರ್ತಿ ಕೇಳಿಸಿಕೊಂಡು, "ಮುಗೀತಾ? ತಟ್ಟೆ ಹಾಕು, ಹೊತ್ತು ಮುಳುಗ್ತದೆ" ಎನ್ನುತ್ತಾರೆ. ರಾತ್ರಿ ತುತ್ತು ಎತ್ತದ ನಮ್ಮ ಜೈನರ ನೇಮವನ್ನು ಅವರು ಜ್ವರದಲ್ಲೂ ಮುರಿದವರಲ್ಲ, ನಿನಗೆ ಗೊತ್ತೇ ಇದೆ.

ನಿನ್ನ ಪುಸ್ತಕವನ್ನು ಅಪ್ಪನ ಅಂಗಡಿಯಲ್ಲಿ ಮರೆತು ಬಂದಿದ್ದೆ. ಮಾರನೆಯ ದಿನ ಹೋದರೆ ಅಪ್ಪ ಕೊಬ್ಬರಿ ಚೀಲಕ್ಕೆ ಒರಗಿ ಅದನ್ನೇ ಓದುತ್ತಿದ್ದಾರೆ. ಅರಸೀಕೆರೆ ಮಾರುಕಟ್ಟೆಗೆ ಹೋಗಬೇಕಾದ ಟೆಂಪೊ ಹೊರಗೆ ಹಾರ್ನ್ ಹೊಡೆಯುತ್ತಲೇ ಇತ್ತು. ಅವರ ಓದು ನಿಂತಿದ್ದು ಆ ಹುಡುಗಿ ಬುತ್ತಿ ಹಿಡಿದು ಕಾಯುವ ಪುಟದಲ್ಲಿ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ. ಬಿಸಿಲು ತಾಕಿದರೆ ಅವನ ಮೈ ಉಪ್ಪಾಗಿ ಉದುರುತ್ತದೆ. ಆದರೂ ಅವನು ಇಳಿಬಿಸಿಲಿನಲ್ಲೇ ಎದ್ದು ಬಂದು, ಬೆರಳುಗಳು ಉದುರುತ್ತಿರುವಾಗಲೇ ಅವಳ ಜೊತೆ ಕೂತು ಉಣ್ಣುತ್ತಾನಲ್ಲ, ಆ ಪುಟ. ಅಪ್ಪ ಕನ್ನಡಕ ತೆಗೆದು, "ಸಿದ್ಧಿ, ಇದು ಕಟ್ಟಿದ್ದಾ, ಕಂಡಿದ್ದಾ?" ಎಂದು ಕೇಳಿದರು.

ಆಗ ನೆನಪಾಯಿತು. ನಿಮ್ಮ ಮನೆಗೆ ಬಂದಿದ್ದಾಗ ಭಾವ ಬಂದರಿನಿಂದ ಓಡುತ್ತಾ ಬಂದು, ಒದ್ದೆ ಬಟ್ಟೆಯಲ್ಲೇ ನಿನ್ನ ಪಕ್ಕ ತಟ್ಟೆ ಮುಂದೆ ಕೂತಿದ್ದರು. ಪಾಪ, ಹಸಿವು ಎಂದುಕೊಂಡಿದ್ದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು.

"ಕಂಡಿದ್ದು ಅಪ್ಪ, ನಾನೇ ಕಂಡಿದ್ದೀನಿ" ಎಂದೆ. ಕಾಲೇಜು ಟೂರೆಂದು ಹೇಳಿ ನಿಮ್ಮಲ್ಲಿಗೆ ಬಂದಿದ್ದು ಅಲ್ಲಿಗೆ ಹೊರಬಿತ್ತು. ಬೈಯುತ್ತಾರೆಂದು ಕಾದೆ. ಅವರು ಪುಟ ಮಡಿಸಿಟ್ಟು ಟೆಂಪೊ ಹತ್ತಿದರು. ಆಮೇಲೆ ಆ ಮಾತೇ ಎತ್ತಿಲ್ಲ. ಹಾಗಾಗಿ ಏನೂ ಬದಲಾಗಿಲ್ಲ ಎಂದೇ ತಿಳಿ. ನಾನು ಜಗಳ ಬಿಡುವುದಿಲ್ಲ.

ಅಮ್ಮ ನಿನಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ. ಭಾವನಿಗೆ ನನ್ನ ನೆನಪು ತಿಳಿಸು. ಕಾಲಿಗೆ ಬೀಳುವುದನ್ನು ಬಿಟ್ಟಿದ್ದೇನೆ, ನಿನ್ನನ್ನು ಕಂಡರೆ ತಬ್ಬಿಕೊಳ್ಳುತ್ತೇನೆ.

ನಿನ್ನ ತಂಗಿ,
ಸಿದ್ಧಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ನಿಂತರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಬರೋದಾದ್ರೆ ಬೆಳಗಿನ ಬಸ್ಸಿಗೇ ಹತ್ತೋಕೆ ಹೇಳು. ಮಧ್ಯಾಹ್ನದ್ದು ಇಲ್ಲಿಗೆ ಬರೋ ಹೊತ್ತಿಗೆ ಕತ್ತಲಾಗ್ತದೆ. ಆ ಹುಡುಗ ನಮ್ಮನೇಲಿ ಉಪವಾಸ ಮಲಗಬೇಕಾಗ್ತದೆ."