ಅಷ್ಟಾಗಿ ಪರಿಚಯವಿಲ್ಲ

ಅಪ್ಪಾ,

ನಾಗರಿಕ ಹಕ್ಕುಗಳ ಇಲಾಖೆಯನ್ನು ನನ್ನ ಕೈಗೆ ಕೊಡಬಹುದೇ ಅಂತ ಇವತ್ತು ವಾಷಿಂಗ್ಟನ್ನಿನಲ್ಲಿ ಸೆನೆಟರುಗಳು ಎರಡು ಗಂಟೆ ನನ್ನನ್ನು ಜಾಲಾಡಿದರು.

"ಯಾರಮ್ಮಾ ಈ ಐಡೆಲ್ಲಾ? ನಿಮ್ಮೂರಲ್ಲಿ ಮುದುಕರ ಓಟನ್ನೆಲ್ಲ ತಾನೇ ಹಾಕಿಬಿಟ್ಳು ಅಂತ ಕೇಸಿದೆ. ನಿಮ್ಮವಳೇನು?"

ಐಡೆಲ್ಲಾ ಅತ್ತೆ ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದಳು, ಚರ್ಚಿನ ನೇರಳೆ ಟೋಪಿ ಹಾಕಿಕೊಂಡು. ಕೇಸು ಸುಳ್ಳು ಅಂತ ನನಗೆ ಗೊತ್ತು.

"ಅಷ್ಟಾಗಿ ಪರಿಚಯವಿಲ್ಲ" ಅಂದೆ.

ನಿನ್ನ ಕಾಲಕ್ಕೆ ನಮ್ಮ ಅಲಬಾಮಾದಲ್ಲಿ ಕರಿಯರ ಹೆಸರು ಮತದಾರರ ಪಟ್ಟಿಗೆ ಸೇರಬೇಕಾದರೆ, ಪಟ್ಟಿಯಲ್ಲಿದ್ದವರೊಬ್ಬರು 'ಇವನು ನನಗೆ ಗೊತ್ತು' ಅನ್ನಬೇಕಿತ್ತಲ್ಲ. ನಿನ್ನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡ ಬಿಳಿಯರೊಬ್ಬರೂ ಬಾಯಿ ಬಿಡಲಿಲ್ಲ. 'ಗೊತ್ತು' ಅಂದವಳು, ಹೇಗೋ ಮೊದಲೇ ಪಟ್ಟಿ ಸೇರಿದ್ದ ಅತ್ತೆ. ಮಾರನೇ ದಿನವೇ ಅವಳ ಕೆಲಸ ಹೋಯಿತು.

ಹೊರಗೆ ಬಂದಾಗ ಅತ್ತೆ ನನ್ನ ಕಾಲರು ಸರಿಮಾಡಿದಳು. "ಚೆನ್ನಾಗಿ ಮಾತಾಡ್ದೆ ಮಗಳೇ. ನಿಮ್ಮಪ್ಪ ಇರಬೇಕಿತ್ತು."

ಸದ್ಯ, ನೀನಿರಲಿಲ್ಲ.