ಪಟ್ಟಿಯಲ್ಲಿಲ್ಲದ ತಪ್ಪು

ಜೂನ್ ೧೪, ೧೯೭೮, ಬುಧವಾರ

ಡ್ವೇನ್‌ಗೆ ನಿಜ ಹೇಳಲಿಲ್ಲ. ಅದೇ ಕೊರೆಯುತ್ತಿದೆ.

ಗಣಿತದ ಮೇಷ್ಟ್ರು ಅವನು. ಮುಂದಿನ ವರ್ಷದಿಂದ ಶಾಲೆಯ ಮಕ್ಕಳಿಗೆ ಕಾರು ಓಡಿಸುವುದನ್ನೂ ಕಲಿಸುತ್ತಾನೆ. ಹಾಗೆ ಕಲಿಸಲು ಹೊರಟವರನ್ನು ಪರೀಕ್ಷಿಸುವುದು ನನ್ನ ಕೆಲಸ; ಇವತ್ತು ಅವನ ಕೊನೆಯ ಪರೀಕ್ಷೆ. ಎಂದಿನಂತೆ ನಾನೇ ಕಲಿಯಲು ಬಂದ ಹದಿನಾರರ ಹುಡುಗಿಯಂತೆ ನಟಿಸುತ್ತಾ ಸ್ಟೀರಿಂಗ್ ಹಿಡಿದೆ. ಅವನು ಹೇಗೆ ತಿದ್ದುತ್ತಾನೆ ನೋಡಲು, ಬೇಕೆಂದೇ ಮಾಡಬೇಕಾದ ಐದು ತಪ್ಪುಗಳನ್ನು ಪಟ್ಟಿ ಮಾಡಿಕೊಂಡಿದ್ದೆ. ಪಕ್ಕದ ಸೀಟಿನಲ್ಲಿ ಅವನು, ಅವನ ಕಾಲ ಬಳಿ ಎರಡನೇ ಬ್ರೇಕು.

ಚರ್ಚಿನ ಹತ್ತಿರ ನಾಲ್ಕು ರಸ್ತೆ ಕೂಡುವಲ್ಲಿ ಮೊದಲು ಬಂದು ನಿಂತವರು ನಾವು, ಸರದಿಯೂ ನಮ್ಮದೇ. ಎಡಗಡೆ ಪಿಕಪ್ಪಿನಲ್ಲಿ ನಮ್ಮ ಚರ್ಚಿನ ಇಂಗಾ ಅಜ್ಜಿ ಬಂದು ನಿಂತರು. ನೀವು ಹೋಗಿ ಎಂದು ನಾನು ಕೈಬೀಸಿದೆ. ಇಲ್ಲ, ನೀವೇ ಹೋಗಿ ಎಂದು ಅವರು ಬೀಸಿದರು. ನಮ್ಮ ಮಿನೆಸೋಟಾದವರ ಹಾಳು ಸೌಜನ್ಯ! ಬೀಸಿ ಬೀಸಿ ಕೊನೆಗೆ ಇಬ್ಬರೂ ಒಟ್ಟಿಗೇ ಹೊರಟೆವು.

ಕಾರು ಗಕ್ಕನೆ ನಿಂತಿತು. ಬ್ರೇಕ್ ಒತ್ತಿದವನು ಡ್ವೇನ್.

ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಉಸಿರು ಬಿಡು ಪುಟ್ಟಿ. ಉಪಚಾರ ಎಲ್ಲಾ ಚರ್ಚಲ್ಲಿ ಕಾಫಿ ಕೊಡೋವಾಗ ಇಟ್ಕೋ. ಇಲ್ಲಿ ನಿನ್ನ ಸರದಿ ಬಂದ್ರೆ ನೀನು ಹೋಗ್ಬೇಕು. ಬಾ, ಇನ್ನೊಂದು ಸುತ್ತು ಹಾಕೋಣ."

ಐವತ್ತೆಂಟರ ನನ್ನನ್ನು ಪುಟ್ಟಿ ಎಂದ! ಆದರೂ ಅವನು ಹೇಳಿದಂತೆಯೇ ಉಸಿರು ಬಿಟ್ಟು ಇನ್ನೊಂದು ಸುತ್ತಿಗೆ ಹೊರಟೆ.

ಇಳಿಯುವಾಗ ನಕ್ಕ: "ಏನ್ ಆಕ್ಟಿಂಗ್ ಮೇಡಂ ನಿಮ್ದು! ಮುಖಾನೂ ಬಿಳಿಚ್ಕೊಂಡಿತ್ತಲ್ಲ!"

ಪಾಸು ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತು ವರ್ಷದಲ್ಲಿ ಇಷ್ಟು ನೆಮ್ಮದಿಯಿಂದ ಯಾರಿಗೂ ಹಾಕಿರಲಿಲ್ಲ. ಅವನ ಕೈಗೆ ಸಿಗುವ ಮಕ್ಕಳು ಬದುಕಿಕೊಂಡರು.

ಕಣ್ಣು ಎಳೆಯುತ್ತಿದೆ. ನಾಳೆ ಅವನಿಗೆ ಹೇಳಿಯೇ ಬಿಡಬೇಕು, ಆ ಕೈಬೀಸಿದ್ದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ ಅಂತ…